ಕುಂಬಾರಗಿತ್ತಿಯ ಒಮ್ಮತ

"ತಾಯಿ, ನಾವು ಕುರ್ಚಿ ಬಿಟ್ಟು ಜನರ ಜೊತೆ ನೆಲದ ಮೇಲೆ ಕೂರುತ್ತೇವೆ. ನಿಮಗೇನು ಬೇಕು ಎಂದು ಅವರನ್ನೇ ಕೇಳುತ್ತೇವೆ. ಆದರೂ ಅವರು ಬಾಯಿ ಬಿಡುವುದಿಲ್ಲ. ಹೇಗೆ ಕೇಳಿದರೆ ಮನಸ್ಸಿನಲ್ಲಿರುವುದನ್ನು ಹೇಳುತ್ತಾರೆ?"

ಹೀಗೆ ಕೇಳಿದವನು ಗಂಗರಾಜ. ಹಳ್ಳಿಗಳ ಏಳಿಗೆಯ ಕೆಲಸ ಮಾಡುವ ಹೊರದೇಶದ ಸಂಸ್ಥೆಯೊಂದಕ್ಕೆ ಸೇರಿ ಅವನಿಗೆ ಎರಡು ವರ್ಷವಾಗಿತ್ತು. ಅವನು ಸಲಹೆ ಕೇಳಲು ಬರುತ್ತಿದ್ದ ಗುರುಮಾತೆ ಉತ್ತರವಾಗಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಗಂಡ ತೀರಿಕೊಂಡಿದ್ದ. ಅವಳ ಹಿತ್ತಲಲ್ಲಿ ಮಡಕೆ ಸುಡುವ ಆವಿಗೆ ಇತ್ತು. ಅದೇ ಅವಳ ಅನ್ನ. ಆ ಕೇರಿಯ ಎಲ್ಲ ಮನೆಯ ಹಿತ್ತಲಲ್ಲೂ ಒಂದೊಂದು ಆವಿಗೆ ಇತ್ತು.

ಸಮುದ್ರದಾಚೆ ಮುಖ್ಯ ಕಚೇರಿಯಿದ್ದ ಒಂದು ಸಂಸ್ಥೆ ಆ ಕೇರಿಗೆ ಬಂತು. ಹೊಗೆಯಾಡದ ದೊಡ್ಡ ಆವಿಗೆಯೊಂದನ್ನು ಕಟ್ಟಿಸಿಕೊಡುತ್ತೇವೆ, ಹಳೆಯವನ್ನೆಲ್ಲ ಕೆಡವಬೇಕು ಎಂದಿತು. ಎಲ್ಲಿ ಕಟ್ಟಬೇಕೆಂದು ಊರವರೇ ಹೇಳಬೇಕು ಎಂದೂ ಹೇಳಿತು. ಸಂಸ್ಥೆಯ ಅಧಿಕಾರಿ ಕೇರಿಯ ಹೆಂಗಸರನ್ನು ಕೂರಿಸಿ, ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಿದ. ಒಬ್ಬೊಬ್ಬರಿಗೂ ಒಂದು ಹುಣಸೆ ಬೀಜ ಕೊಟ್ಟ. ಆವಿಗೆ ಬೇಕಾದ ಕಡೆ ಬೀಜ ಇಡಿ ಎಂದ.

ಎಲ್ಲ ಬೀಜಗಳೂ ಕೇರಿಯ ನಡುವಿನ ಬಯಲಿನಲ್ಲಿ ಬಿದ್ದವು. ಏಕೆಂದು ಅಧಿಕಾರಿ ಕೇಳಿದ.

"ಸುಟ್ಟ ಮಡಕೆ ಊರೂರು ತಿರುಗುತ್ತದೆ ಅಪ್ಪಾ, ಹಸಿ ಮಡಕೆ ಅಂಗಳ ದಾಟದು. ಹೊತ್ತುಕೊಂಡು ಹೋದರೆ ಒಡೆಯುತ್ತದೆ" ಎಂದಳು ಕುಂಬಾರಗಿತ್ತಿ.

ಅಧಿಕಾರಿ ಅದನ್ನು ಬರೆದುಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು.

ತಿಂಗಳಾದ ಮೇಲೆ ಅವನು ಮತ್ತೆ ಬಂದ. ಮತ್ತೆ ನಕ್ಷೆ ಬರೆಸಿದ, ಮತ್ತೆ ಬೀಜ ಹಂಚಿದ. ಈ ಸಲ ನಕ್ಷೆಯ ಅಂಚಿನಲ್ಲಿ ಟಾರು ರಸ್ತೆಯನ್ನೂ ಬರೆಸಿದ. ಕೇರಿಯಿಂದ ರಸ್ತೆಗೆ ಮೂರು ಫರ್ಲಾಂಗು ದೂರ. ಮೇಲಿನವರ ಕಾಗದದಲ್ಲಿ ಜಾಗ ಆ ರಸ್ತೆಯ ಬದಿಯೇ ಎಂದು ಮೊದಲೇ ಬರೆದಾಗಿತ್ತು. ಮುಖ್ಯ ಕಚೇರಿಯಿಂದ ನೋಡಲು ಬರುವವರ ಕಾರು ಅಲ್ಲಿಯತನಕ ಮಾತ್ರ ಹೋಗುತ್ತಿತ್ತು. ಅವನು ಅದನ್ನು ಹೇಳಲಿಲ್ಲ. ಇನ್ನೊಮ್ಮೆ ಯೋಚಿಸಿ ಎಂದಷ್ಟೇ ಹೇಳಿದ. ಹೆಂಗಸರು ಯೋಚಿಸಿ, ಬೀಜಗಳನ್ನು ಮತ್ತೆ ಬಯಲಲ್ಲೇ ಇಟ್ಟರು.

ಮೂರನೆಯ ಸಲ ಬಂದಾಗ ಅವನು, "ಈ ತಿಂಗಳೊಳಗೆ ತೀರ್ಮಾನವಾಗದಿದ್ದರೆ ಯೋಜನೆ ಪಕ್ಕದ ಊರಿಗೆ ಹೋಗುತ್ತದೆ" ಎಂದ. ಒಂದೊಂದಾಗಿ ಬೀಜಗಳು ರಸ್ತೆಯ ಬದಿಗೆ ಸರಿದವು. ಬಯಲಿನಲ್ಲಿ ಒಂದೇ ಉಳಿಯಿತು. "ಅಕ್ಕಾ, ನೀನೊಬ್ಬಳು ಹಟ ಹಿಡಿದರೆ ನಮಗೂ ಇಲ್ಲದಂತಾಗುತ್ತದೆ" ಎಂದು ನೆರೆಯವರು ಬೇಡಿಕೊಂಡರು. ಕುಂಬಾರಗಿತ್ತಿ ತನ್ನ ಬೀಜವನ್ನೂ ಎತ್ತಿ ಅಲ್ಲಿಟ್ಟಳು. ಅಧಿಕಾರಿ ಚಾಚಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಕಾಗದದ ತಲೆಯಲ್ಲಿ ಒಮ್ಮತ ಎಂದು ಬರೆದಿತ್ತು.

ಹಳೆಯ ಆವಿಗೆಗಳನ್ನು ಕೆಡವಿದರು. ಹೊಸದನ್ನು ರಸ್ತೆಯ ಬದಿ ಕಟ್ಟಿದರು. ಕಾರಿನಲ್ಲಿ ಬಂದವರು ಫೋಟೋ ತೆಗೆದುಕೊಂಡು ಹೋದರು. ಕುಂಬಾರಗಿತ್ತಿ ನೂರ ನಲವತ್ತು ಹಸಿ ಮಡಕೆಗಳನ್ನು ಬುಟ್ಟಿಯಲ್ಲಿ ಹೊತ್ತು ಸಾಗಿಸಿದಳು. ಆವಿಗೆಯ ಬಾಯಿ ತಲುಪಿದವು ಅರವತ್ತೊಂದು. ಮುಂದಿನ ಸಲ ಅಷ್ಟೂ ಉಳಿಯಲಿಲ್ಲ.

ಅವಳು ಬಸ್ಸು ಹತ್ತಿ ಸಂಸ್ಥೆಯ ಕಚೇರಿಗೆ ಹೋದಳು. ಅಧಿಕಾರಿ ಕಾಗದ ತೆಗೆದು ತೋರಿಸಿದ.

"ಇದು ನಿಮ್ಮದೇ ತೀರ್ಮಾನ ಅಮ್ಮಾ. ನೋಡಿ, ನಿಮ್ಮ ಹೆಬ್ಬೆಟ್ಟು."

"ನನ್ನದೇ ತಾನೇ? ಹಾಗಾದರೆ ಇವತ್ತು ಬದಲಾಯಿಸಿದೆ. ಕೆಡವಿದ ನನ್ನ ಆವಿಗೆಯನ್ನು ಕಟ್ಟಿಸಿಕೊಡು."

"ಅದಾಗದು ಅಮ್ಮಾ. ಯೋಜನೆ ಮುಗಿದಿದೆ."

ಅವಳು ಊರಿಗೆ ಮರಳಿ ಚಕ್ರವನ್ನು ಗೋಡೆಗೆ ಒರಗಿಸಿದಳು. ಇಟ್ಟಿಗೆ ಭಟ್ಟಿಯಲ್ಲಿ ಕೂಲಿಗೆ ಸೇರಿದಳು. ಕೇರಿಯ ಉಳಿದ ಹೆಂಗಸರೂ ಅವಳ ಹಿಂದೆಯೇ ಹೋದರು.

ಆವಿಗೆಯಲ್ಲಿ ಬೆಂಕಿ ಇಲ್ಲವೆಂದು ಮುಖ್ಯ ಕಚೇರಿಗೆ ತಿಳಿಯಿತು. ಜನರ ಮಾತು ಕೇಳುವುದರಲ್ಲಿ ನಾವು ಸೋತಿದ್ದೇವೆ, ಸಂಸ್ಥೆ ಬದಲಾಗಬೇಕು ಎಂದು ದೊಡ್ಡವರು ಒಪ್ಪಿಕೊಂಡರು. ಜನರ ದನಿಗೆಂದೇ ಹೊಸ ವಿಭಾಗ ತೆರೆದರು. ನೆಲದ ಮೇಲೆ ಹೇಗೆ ಕೂರಬೇಕು, ಹೇಗೆ ತಲೆದೂಗಬೇಕು ಎಂದು ನೌಕರರಿಗೆ ಹತ್ತು ದಿನದ ತರಬೇತಿ ಕೊಟ್ಟರು. ಅದೇ ಅಧಿಕಾರಿಗೆ ಬಡ್ತಿ ಕೊಟ್ಟು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ಜಾಗ ಯಾವುದೆಂದು ಮೊದಲೇ ಬರೆದಿಡುವ ಕಾಗದ ಮಾತ್ರ ಬದಲಾಗಲಿಲ್ಲ.

ಅವನು ಕೇರಿಗೆ ಬಂದು ಕುಂಬಾರಗಿತ್ತಿಯ ಎದುರು ಕಾಲು ಮಡಚಿ ಕುಳಿತ. ರಂಗೋಲಿ ಪುಡಿಯಲ್ಲಿ ಒಂದೊಂದು ಕಾರಣಕ್ಕೂ ಒಂದೊಂದು ಮನೆ ಬರೆದ. ಆವಿಗೆ ಏಕೆ ಸೋತಿತು, ಸರಿಯಾದ ಕಾರಣದ ಮೇಲೆ ಬೀಜ ಇಟ್ಟು ಹೇಳಿ ಎಂದು ಕೈಮುಗಿದ.

"ಎಲ್ಲಿಡಬೇಕು ಅನ್ನುವುದನ್ನೂ ನೀನೇ ಹೇಳಿಬಿಡು ಮಾರಾಯ. ಮೂರು ಸಲ ಕೂರುವಷ್ಟು ಪುರಸೊತ್ತಿಲ್ಲ, ನನಗೆ ಇಟ್ಟಿಗೆ ಹೊರುವ ಕೆಲಸವಿದೆ" ಎಂದು ಅವಳು ಸಿಂಬೆಯನ್ನು ತಲೆಗಿಟ್ಟುಕೊಂಡು ಹೊರಟಳು. ಈ ಊರಿನ ಜನ ಬಾಯಿ ಬಿಡುವುದಿಲ್ಲ ಎಂದು ಅವನು ವರದಿ ಬರೆದ.

ಗುರುಮಾತೆ ಕತೆ ನಿಲ್ಲಿಸಿದರು. ಅವರ ದನಿ ಗಡುಸಾಗಿತ್ತು. ಗಂಗರಾಜ ಮೆಲ್ಲಗೆ, "ಆ ಅಧಿಕಾರಿ ಇನ್ನಷ್ಟು ತಾಳ್ಮೆಯಿಂದ ಕೇಳಬೇಕಿತ್ತು, ಅಲ್ಲವೇ ತಾಯಿ?" ಎಂದ.

"ಅವಳು ಮೊದಲ ದಿನವೇ ಹೇಳಿದ್ದಳು ಗಂಗರಾಜ. ಅಂಥವಳೊಬ್ಬಳು ಬೇಡವೆಂದರೆ ಕೆಲಸ ನಿಲ್ಲತಕ್ಕದ್ದು ಎಂಬ ಒಂದು ಸಾಲು ನಿಮ್ಮ ಸಂಸ್ಥೆಯ ಯಾವ ನಿಯಮದಲ್ಲಿದೆ, ತೋರಿಸು."