ನಿಂಬೆವ್ವನ ವಂಶವೃಕ್ಷ

ಅಜ್ಜಿ ನಿಂಬೆವ್ವನ ಮನೆ ತನಗೆ ಬರಬೇಕಾದರೆ ವಂಶವೃಕ್ಷ ಬೇಕೆಂದು ಗೊತ್ತಾಗಿ, ಹೂವು ಮಾರುವ ದ್ಯಾಮವ್ವ ತಾಲೂಕು ಕಚೇರಿಗೆ ಹೋದಳು. ಗುಮಾಸ್ತ ಚಂದ್ರಶೇಖರಯ್ಯ ಹಳೇ ಕಡತ ತಿರುವಿ ಗದರಿದ.

"ನಿಮ್ಮಜ್ಜಿ ಹೆಸರು ಇದ್ರಾಗಿಲ್ಲ. ದಾಖಲೆ ಇಲ್ಲಂದ್ರ ಆಕಿ ಹುಟ್ಟೇ ಇಲ್ಲ ಅಂತ ಲೆಕ್ಕ."

ಅವನ ಬೆನ್ನ ಹಿಂದೆ ಅವನದೇ ವಂಶವೃಕ್ಷ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು.

"ಅದ್ರಾಗ ಯಾರ ಹೆಸರು ಅದಾವ್ರೀ ಸಾಹೇಬ್ರ?"

"ಏಳು ತಲಿಮಾರಿನ ಗಂಡಸರದು!" ಎಂದು ಅವನು ಮೀಸೆ ತೀಡಿದ.

"ಹೆಂಗಸು ಒಬ್ಬಾಕಿನೂ ಇಲ್ಲೇನ್ರಿ? ಹಂಗಾರ ನಿಮ್ಮ ಮನ್ಯಾಗ ಗಂಡಸರೇ ಹಡೀತಿದ್ರೇನ್ರಿ?"

ಕಚೇರಿಗೆ ಕಚೇರಿಯೇ ಗೊಳ್ಳೆಂದಿತು. ಮುಖ ಕಪ್ಪಿಟ್ಟ ಗುಮಾಸ್ತ ಹಲ್ಲು ಕಡಿಯುತ್ತ ಕಾಗದ ಬರೆದು, ಮುದ್ರೆ ಒತ್ತಿ ಎಸೆದ. ದ್ಯಾಮವ್ವ ಗೆದ್ದ ನಗೆಯಲ್ಲೇ ಮೆಟ್ಟಿಲಿಳಿದು ಓದಿದಳು. ಅಜ್ಜಿಯ ಜಾಗದಲ್ಲಿ "ಕಲ್ಲಪ್ಪನ ಹೆಂಡತಿ" ಎಂದಷ್ಟೇ ಇತ್ತು.

ಅದರ ಮೇಲೆಯೇ ಮನೆ ಕೈಗೆ ಬಂತು. ನಿಂಬೆವ್ವ ಮಾತ್ರ ಯಾವ ಕಾಗದಕ್ಕೂ ಬರಲಿಲ್ಲ.