ಸಾಹೇಬರ ತಲೆಯ ಮೇಲಿನ ಸತ್ತಿಗೆ

ಕೆರೆಯ ಮೇಲೆ ಮಂಜು ಮಲಗಿತ್ತು. ಆಳಿಲ್ಲದೆ ತಾನೇ ಸಾಗುವ ದೋಣಿಯೊಂದು ಹೂಳು ಅಳೆಯಲು ಹೊರಟು ನಿಂತಿತ್ತು. ಅದು ಕಂಡದ್ದೆಲ್ಲ ದಡದ ಪರದೆಯ ಮೇಲೆ ಮೂಡಬೇಕಾದರೆ ಆಂಟೆನಾ ಎತ್ತರದಲ್ಲಿರಬೇಕು. ಮುದುಕ ಅಂಬಿಗ ಬಿದಿರು ನೆಟ್ಟು ಅದರ ತುದಿಗೆ ಕಟ್ಟಿದ್ದ.

ಕೆಲಸ ನೋಡಲು ಬಂದ ಸಾಹೇಬರು ದಡದ ವೇದಿಕೆ ಹತ್ತಿದವರೇ ಗುಡುಗಿದರು. "ನನ್ನ ತಲೆಗಿಂತ ಎತ್ತರಕ್ಕೆ ಇದ್ಯಾವ ಬಿದಿರು? ಕೀಳಯ್ಯ! ಆದರೆ ಪರದೆಯ ಮೇಲೆ ಚಿತ್ರ ನಿಂತರೆ ನಾಳೆಯಿಂದ ನಿನಗೆ ಕೆಲಸ ಇಲ್ಲ."

"ಆಗಲಿ ಬುದ್ಧಿ."

ಅಂಬಿಗ ಬಿದಿರು ಕಿತ್ತ. ಗುಡಿಯ ಪೂಜಾರಿಯನ್ನು ಬೇಡಿ, ಉತ್ಸವದಲ್ಲಿ ದೇವರಿಗೆ ಹಿಡಿಯುವ ಕೊಡೆ, ಸತ್ತಿಗೆ ತಂದ. ಅದರ ಕಳಸಕ್ಕೆ ಆಂಟೆನಾ ಕಟ್ಟಿ ಸಾಹೇಬರ ತಲೆಯ ಮೇಲೆ ಎತ್ತಿ ಹಿಡಿದ. "ತಮ್ಮಂಥವರ ಮೇಲೆ ಮಂಜು ಬೀಳಬಾರದು."

ಸಾಹೇಬರ ಮೀಸೆ ಅರಳಿತು. ದೋಣಿ ಕನಸಿನಲ್ಲಿ ನಡೆದಂತೆ ಸರಿಯಿತು. ಪರದೆಯ ಮೇಲೆ ತಾವರೆ ಎಲೆಗಳು ಪಕ್ಕಕ್ಕೆ ಜಾರಿದವು, ಕೊಕ್ಕರೆಯೊಂದು ಕತ್ತೆತ್ತಿ ನೋಡಿತು.

ಅಷ್ಟರಲ್ಲಿ ಉಪ್ಪಿಟ್ಟಿನ ಘಮ ಬಂತು. ಸಾಹೇಬರು ಕುರ್ಚಿಯಿಂದ ಎದ್ದು ದಡದ ಕಟ್ಟಡದ ಹಿಂದಕ್ಕೆ ನಡೆದರು. ಸತ್ತಿಗೆಯೂ ಹಿಂದೆಯೇ ನಡೆಯಿತು. ಪರದೆ ಕಪ್ಪಾಯಿತು, ನೋಡುತ್ತಿದ್ದ ಜನ ಕೂಗಿಕೊಂಡರು.

"ಏನಾಯ್ತೋ?"

"ಆಂಟೆನಾ ಸತ್ತಿಗೆಯಲ್ಲೈತೆ ಬುದ್ಧಿ. ಗೋಡೆ ಅಡ್ಡ ಬಂತು."

"ಹಾಗಾದರೆ ನೀನು ಕುರ್ಚಿ ಹತ್ತಿರವೇ ನಿಲ್ಲು!"

"ಬರೀ ಕುರ್ಚಿಗೆ ಸತ್ತಿಗೆ ಹಿಡಿದರೆ, ಸಾಹೇಬರಿಲ್ಲದೆಯೂ ಕೆಲಸ ನಡೀತದೆ ಅಂತ ಜನ ತಿಳ್ಕೊಂಡಾರು."

ಸಾಹೇಬರು ತೆಪ್ಪಗೆ ಬಂದು ಕೂತರು. ದೋಣಿ ಮಂಜಿನಿಂದ ಮರಳುವವರೆಗೆ, ಎರಡು ಗಂಟೆ, ಉತ್ಸವಮೂರ್ತಿಯ ಹಾಗೆ ಕೂತೇ ಇದ್ದರು. ಉಪ್ಪಿಟ್ಟು ಆರಿತು. ಚಿತ್ರ ನಿಲ್ಲಿಸಿದ್ದು ಯಾರೆಂದು ಅವರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಮರುದಿನ ಅಪ್ಪಣೆ ಬಂತು: "ಬಿದಿರು ನೆಡಿ. ಎಷ್ಟು ಎತ್ತರವಾದರೂ ಸರಿ."