ಹದಿನೆಂಟು ಅಂಕದ ಕಾವಲುಗಾರ

“ಬುದ್ಧಿ, ನಾನು ಯಾರ ಮೇಲೂ ಸುಳ್ಳು ಹೇಳಿದವನಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಅಷ್ಟೇ. ಆದರೂ ಪಂಕ್ತಿಯಲ್ಲಿ ನನ್ನ ಪಕ್ಕದ ಮಣೆ ಯಾವಾಗಲೂ ಖಾಲಿ. ಯಾಕೆ?”

ನಂಜೇಶ ಇದನ್ನು ಕೇಳಿದ್ದು ಮಠದ ಹಿಂದಿನ ಜಗಲಿಯಲ್ಲಿ. ಅವನು ಶಿಷ್ಯನಾಗಿ ಬಂದು ನಾಲ್ಕು ವರ್ಷವಾಗಿತ್ತು. ಗುರುಗಳು ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು. ಅವನೂ ಸುಲಿಯುತ್ತಿದ್ದ. ನಡುನಡುವೆ ಗುರುಗಳು ಸುಲಿದ ಕಾಳನ್ನೂ ಕೆದಕಿ ನೋಡಿ, ಹುಳು ಕಚ್ಚಿದ್ದನ್ನು ಆರಿಸಿ ಪಕ್ಕಕ್ಕಿಡುತ್ತಿದ್ದ. ಗುರುಗಳು ಅದನ್ನು ಕಂಡೂ ಕಾಣದವರ ಹಾಗೆ ಇದ್ದರು.

“ಒಂದು ಕತೆ ಹೇಳುತ್ತೇನೆ,” ಎಂದರು. “ನಿನಗೆ ನಗು ಬರಬಹುದು. ಬಂದರೆ ನಗು. ಅಡ್ಡ ಬಾಯಿ ಮಾತ್ರ ಹಾಕಬೇಡ.”

ಹಾಗೆಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಸಂಗ್ರಹಗಾರನಿದ್ದ. ಏನು ಸಂಗ್ರಹ ಅಂದೆಯಾ? ಗೊಂಬೆ. ನವರಾತ್ರಿಯ ಗೊಂಬೆಯಲ್ಲಪ್ಪ. ಆಕಾಶನೌಕೆ, ಬೇರೆ ಗ್ರಹದ ಜೀವಿ, ಯಂತ್ರಮಾನವ ಅಂತ ಸಿನಿಮಾಗಳು ಬರುತ್ತವಲ್ಲ, ಅದರೊಳಗಿನ ಪಾತ್ರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಗೇಣುದ್ದ ಅಚ್ಚು ಹಾಕಿ ಮಾರುತ್ತಾರೆ. ಕೈಕಾಲು ಮಡಚಬಹುದು, ಕತ್ತು ತಿರುಗಿಸಬಹುದು. ಮಾಡಿದ್ದು ಮಕ್ಕಳಿಗೆ. ಅದಕ್ಕಾಗಿ ಊರೂರು ಅಲೆಯುವವರು ಮಾತ್ರ ತಲೆ ನರೆತವರು. ನಿಮಗೆ ಹೇಗೆ ಇದೆಲ್ಲ ಗೊತ್ತು ಅಂತ ಕೇಳಬೇಡ. ಮಠಕ್ಕೆ ಬರುವವರು ದೇವರ ಮಾತಿಗಿಂತ ತಮ್ಮ ಮಾತೇ ಹೆಚ್ಚು ಆಡುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ.

ಸಂಗ್ರಹಗಾರನ ಮನೆಯ ಮೂರು ಗೋಡೆಗೂ ಗಾಜಿನ ಕಪಾಟು. ಕಪಾಟಿನ ತುಂಬ ಗೊಂಬೆ. ಒಂದನ್ನೂ ಅವನು ಪೆಟ್ಟಿಗೆಯಿಂದ ಹೊರಗೆ ತೆಗೆದವನಲ್ಲ. ಅಂಗಡಿಯಿಂದ ಬಂದದ್ದು ಬಂದ ಹಾಗೇ ಇರಬೇಕು, ಅಂಟಿಸಿದ ಅಂಟು ಬಿಡಬಾರದು. ಪೆಟ್ಟಿಗೆಯ ಮುಂಭಾಗ ಪಾರದರ್ಶಕ ಹಾಳೆ, ಅದರ ಹಿಂದೆ ಗೊಂಬೆ. ಅವನು ಈಚೆಯಿಂದ ನೋಡುತ್ತಿದ್ದ, ಅದು ಆಚೆಯಿಂದ ನೋಡುತ್ತಿತ್ತು. ಆ ಮನೆಯಲ್ಲಿ ನಡೆಯುತ್ತಿದ್ದ ಸಂಸಾರ ಅಷ್ಟೇ.

ಹೊಟ್ಟೆಪಾಡಿಗೆ ಅವನು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿದ್ದ. ಗೂಡಿನ ದರ್ಜೆ ನೋಡುವ ಕೆಲಸ. ಗೂಡನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗಿನ ಹುಳು ಗಟ್ಟಿಯಿದೆಯೋ ಕೊಳೆತಿದೆಯೋ ಸದ್ದಿನಲ್ಲೇ ಹೇಳುತ್ತಿದ್ದ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡನ್ನು ಕಂಡರೆ ಕೈಗೂ ತೆಗೆದುಕೊಳ್ಳುತ್ತಿರಲಿಲ್ಲ. ಅದರಿಂದ ನೂಲು ಎಳೆಯಲು ಬರುವುದಿಲ್ಲ. ಅದೇ ಕಿವಿ, ಅದೇ ಕೈ ಗೊಂಬೆಗೂ ಬಂತು. ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಒಳಗೆ ಯಾವ ಕೀಲು ಸಡಿಲ, ಯಾವ ಬಿಡಿಭಾಗ ಕಳಚಿದೆ ಅಂತ ಹೇಳಿಬಿಡುತ್ತಿದ್ದ. ದೂರದ ಊರುಗಳಿಂದಲೂ ಜನ ಗೊಂಬೆ ಹಿಡಿದುಕೊಂಡು ಬರುತ್ತಿದ್ದರು. ನೂರಕ್ಕೆ ಅಂಕ. ಮೂಲೆ ಮುದುಡಿದ್ದರೆ ಎರಡು ಕಳೆ. ಹಾಳೆ ಹಳದಿಯಾಗಿದ್ದರೆ ನಾಲ್ಕು ಕಳೆ. ಪೆಟ್ಟಿಗೆ ತೆರೆದಿದ್ದರೆ ಒಂದೇ ಏಟಿಗೆ ಐವತ್ತು ಕಳೆ. ಚೀಟಿಯಲ್ಲಿ ಅಂಕ ಬರೆದು ಗೊಂಬೆಗೆ ಕಟ್ಟಿ ಕೊಡುತ್ತಿದ್ದ. ಅವನು ಕೊಟ್ಟ ಅಂಕವನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ಅಂಕ ತೆಗೆದುಕೊಂಡ ಮೇಲೆ ಯಾರೂ ಒಂದು ಗಳಿಗೆ ಕೂರುತ್ತಲೂ ಇರಲಿಲ್ಲ.

ಈ ಜನರಲ್ಲಿ ಒಂದು ಕಟ್ಟಳೆಯಿದೆ. ತನ್ನ ಗೊಂಬೆಗೆ ತಾನೇ ಅಂಕ ಹಾಕುವಂತಿಲ್ಲ. ತನ್ನದು ಅಂದಮೇಲೆ ಕಣ್ಣು ಮೆತ್ತಗಾಗುತ್ತದೆ, ಅದಕ್ಕೆ. ಹಾಗಾಗಿ ಎಷ್ಟೇ ದೊಡ್ಡ ಸಂಗ್ರಹಗಾರನಿಗೂ ಇನ್ನೊಬ್ಬ ಸಂಗ್ರಹಗಾರ ಬೇಕೇ ಬೇಕು. ನಮ್ಮವನಿಗೆ ಸಿಕ್ಕಿದ್ದು ಒಬ್ಬ ಗಡಿಯಾರ ರಿಪೇರಿಯವನು. ವಯಸ್ಸಿನಲ್ಲಿ ಹಿರಿಯ, ಮಾತಿನಲ್ಲಿ ನಿಧಾನ. ಪ್ರತಿ ಭಾನುವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಬರುತ್ತಿದ್ದ. ಬಟ್ಟೆ ಚೀಲದಿಂದ ತನ್ನ ಒಂದು ಪೆಟ್ಟಿಗೆ ತೆಗೆದು ಇವನ ಕೈಗೆ ಕೊಡುತ್ತಿದ್ದ. ಇವನು ತನ್ನದೊಂದನ್ನು ಅವನ ಕೈಗೆ ಕೊಡುತ್ತಿದ್ದ. ಇಬ್ಬರೂ ಭೂತಗನ್ನಡಿ ಹಿಡಿದು ಕೂರುತ್ತಿದ್ದರು. ಮೂಲೆ ನೋಡಿದೆಯಾ, ನೋಡಿದೆ. ಬಣ್ಣ ನೋಡಿದಿರಾ, ನೋಡಿದೆ. ಒಂದು ಲೋಟ ಚಹಾ. ಮುಂದಿನ ವಾರ ಪೆಟ್ಟಿಗೆ ವಾಪಸು.

ಇಷ್ಟು ಸಪ್ಪೆ ಸ್ನೇಹವೂ ಉಂಟೇ ಅಂತ ನಿನಗೆ ಅನ್ನಿಸಬಹುದು. ಆದರೆ ಸಂಗ್ರಹಗಾರ ವಾರದಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದದ್ದು ಅದೊಂದೇ ದಿನ. ಮನೆಯಲ್ಲಿದ್ದ ಒಂದೇ ಕುರ್ಚಿಗೆ ಜೊತೆಯಾಗಿ ಇನ್ನೊಂದು ಕುರ್ಚಿ ತಂದದ್ದು ಗಡಿಯಾರದವನಿಗಾಗಿ. ಸೈಕಲ್ಲಿನ ಗಂಟೆ ಕೇಳುವ ಮೊದಲೇ ಒಲೆಯ ಮೇಲೆ ಎರಡು ಲೋಟ ನೀರು ಇಟ್ಟಿರುತ್ತಿದ್ದ. ಅವನಿಗೆ ಈ ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. ಭಾನುವಾರವೊಂದು ಇಲ್ಲದಿದ್ದರೆ ಉಳಿದ ಆರು ದಿನ ಅವನಿಂದ ಕಳೆಯಲು ಆಗುತ್ತಿರಲಿಲ್ಲ. ಇದನ್ನು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.

ಗಡಿಯಾರದವನ ಬಳಿ ಒಂದು ಗೊಂಬೆಯಿತ್ತು. ಅದಕ್ಕಾಗಿ ನಮ್ಮವನು ಜೀವ ಬಿಡುತ್ತಿದ್ದ. ಒಂದು ಹಳೆಯ ಸಿನಿಮಾದ ಯಂತ್ರಮಾನವ ಅದು. ಚಂದ್ರನಿಂದಾಚೆ ಒಂದು ಠಾಣೆ, ಅಲ್ಲಿದ್ದವರೆಲ್ಲ ಬಿಟ್ಟು ಹೋಗಿದ್ದಾರೆ, ಈ ಕಾವಲುಗಾರನೊಬ್ಬ ಉಳಿದಿದ್ದಾನೆ. ಬರಬೇಕಾದ ನೌಕೆಗೆ ದಾರಿ ಕಾಣಲಿ ಅಂತ ದಿನವೂ ಲಾಂದ್ರ ಹಿಡಿದು ನಿಲ್ಲುತ್ತಾನೆ. ನೌಕೆ ಬರುವುದಿಲ್ಲ. ಆ ಗೊಂಬೆ ಅಲ್ಲಲ್ಲಿ ಸಿಗುತ್ತದೆ, ಆದರೆ ಕಡಲೆಕಾಳಿನಷ್ಟು ದೊಡ್ಡ ಲಾಂದ್ರ ಎಲ್ಲರದ್ದೂ ಕಳೆದುಹೋಗಿದೆ. ಗಡಿಯಾರದವನದ್ದು ಮಾತ್ರ ಪೆಟ್ಟಿಗೆ ಒಡೆಯದ್ದು. ಲಾಂದ್ರ ಗೊಂಬೆಯ ಪಕ್ಕದಲ್ಲಿ ಅಂಟಿಸಿದ ಹಾಗೇ ಇತ್ತು. ಸಂಗ್ರಹಗಾರ ಅದನ್ನು ಕಂಡಾಗಲೆಲ್ಲ ಹಾಳೆಯ ಮೇಲೆ, ಸರಿಯಾಗಿ ಲಾಂದ್ರದ ಎದುರಿಗೆ, ಬೆರಳಿಡುತ್ತಿದ್ದ. ಒಂದು ಭಾನುವಾರ, ಯಾಕೋ ಏನೋ, ಹೇಳಿಯೇಬಿಟ್ಟ: “ಚಿಕ್ಕವನಿದ್ದಾಗ ಟೆಂಟಿನಲ್ಲಿ ಈ ಸಿನಿಮಾ ನೋಡಿದೆ. ಲಾಂದ್ರ ಹೊತ್ತಿದಾಗ ಅತ್ತುಬಿಟ್ಟೆ. ಪಕ್ಕದಲ್ಲಿ ಯಾರೂ ಇರಲಿಲ್ಲ, ನಾನೊಬ್ಬನೇ ಹೋಗಿದ್ದೆ.” ತನ್ನ ಬಗ್ಗೆ ಅವನು ಯಾರಿಗಾದರೂ ಹೇಳಿದ್ದರೆ ಅದಿಷ್ಟೇ. ಗಡಿಯಾರದವನು ಹೂಂ ಅಂದ, ಚಹಾ ಕುಡಿದ, ಹೋದ.

ವರ್ಷಗಳು ಉರುಳಿದವು. ಗಡಿಯಾರದವನ ಕಣ್ಣು ಮಂಜಾಯಿತು, ಕೈ ನಡುಗತೊಡಗಿತು. ಕೈ ನಡುಗಿದರೆ ಗಡಿಯಾರ ಬಿಚ್ಚುವುದು ಹೇಗೆ? ಮಗಳು ತನ್ನ ಊರಿಗೆ ಬಾ ಎಂದಳು. ಆಗಲಿ ಎಂದ.

ಹೊರಡುವ ಮೊದಲಿನ ಭಾನುವಾರ ಅವನು ಬಂದಾಗ ಕೈಯಲ್ಲಿ ಚೀಲವಿರಲಿಲ್ಲ. ಅಂಗಿಯ ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಗೊಂಬೆಯನ್ನು ತೆಗೆದು ಸಂಗ್ರಹಗಾರನ ಕೈಯಲ್ಲಿಟ್ಟ. ಕಾವಲುಗಾರ! ಪೆಟ್ಟಿಗೆಯಿಲ್ಲ. ಲಾಂದ್ರ ಬೆರಳಿಗೆ ನೇತಾಡುತ್ತಿದೆ. ಬೆನ್ನಿಗೊಂದು ತೂತು ಕೊರೆದು, ಗಡಿಯಾರಕ್ಕೆ ಹಾಕುವ ಗುಂಡಿಯಂಥ ಸೆಲ್ಲು ಇಟ್ಟು, ಕೂದಲಿನಷ್ಟು ತೆಳುವಾದ ತಂತಿ ಎಳೆದು, ಲಾಂದ್ರದೊಳಗೆ ಸಾಸಿವೆಯಷ್ಟು ಬಲ್ಬು ಕೂರಿಸಿ, ಅದನ್ನು ಹೊತ್ತಿಸಲು ಬೆನ್ನಿನಲ್ಲೇ ಒಂದು ಒತ್ತುಗುಂಡಿ ಇಟ್ಟಿದ್ದಾನೆ. ನಡುಗುವ ಕೈಯಲ್ಲಿ ಚಿಮಟ ಹಿಡಿದು ಎರಡು ದಿನ ಮಾಡಿದ ಕೆಲಸ. ಅವನು ಕೊನೆಯದಾಗಿ ಮಾಡಿದ ಕೆಲಸವೂ ಅದೇ.

ಈಗ ಸರಿಯಾಗಿ ಕೇಳು, ನಂಜೇಶ. ಅವರಿಬ್ಬರ ನಡುವೆ ಅಷ್ಟು ವರ್ಷವೂ ಕೈಯಿಂದ ಕೈಗೆ ಏನು ಹೋದರೂ ಅದು ಅಂಕಕ್ಕೇ ಹೋದದ್ದು. ಬೇರೆ ಯಾತಕ್ಕಾದರೂ ಒಬ್ಬರು ಇನ್ನೊಬ್ಬರಿಗೆ ಗೊಂಬೆ ಕೊಡಬಹುದು ಅಂತ ಸಂಗ್ರಹಗಾರನ ತಲೆಗೆ ಹೊಳೆಯಲೇ ಇಲ್ಲ. ಅವನು ಭೂತಗನ್ನಡಿ ತೆಗೆದ. ಗೊಂಬೆಯನ್ನು ತಿರುಗಿಸಿದ, ಮಗುಚಿದ, ಕಿವಿಗೆ ಹಿಡಿದು ಅಲ್ಲಾಡಿಸಿದ. ಅಂಥ ಗೊಂಬೆಯನ್ನು ಹೀಗೆ ಹಾಳುಗೆಡವುವುದೇ!

“ಪೆಟ್ಟಿಗೆ ತೆರೆದಿದ್ದೀರಿ, ಐವತ್ತು ಹೋಯಿತು. ಬೆನ್ನಿಗೆ ತೂತು, ಇಪ್ಪತ್ತು. ಬಲ್ಬು ಮೂಲದ್ದಲ್ಲ, ಹತ್ತು. ಬೆರಳಿನ ಹತ್ತಿರ ಬಣ್ಣ ಎದ್ದಿದೆ, ಎರಡು. ಉಳಿದದ್ದು ಹದಿನೆಂಟು,” ಎಂದ.

“ಪೂರ್ತಿ ನೋಡಿದೆಯಾ?” ಎಂದು ಕೇಳಿದ ಗಡಿಯಾರದವನು.

“ಪೂರ್ತಿ ನೋಡಿದೆ. ಸುಳ್ಳು ಅಂಕ ಹಾಕುವವನಲ್ಲ ನಾನು, ನಿಮಗೇ ಗೊತ್ತು.”

“ಗೊತ್ತಪ್ಪ. ಸರಿ ಬಿಡು,” ಎಂದ ಅವನು. ಅರ್ಧ ಲೋಟ ಚಹಾ ಬಿಟ್ಟು ಎದ್ದ. ಊರಿಗೆ ಹೋಗುವ ಮಾತು ತುಟಿಯವರೆಗೆ ಬಂದಿತ್ತೋ ಏನೋ, ಆಡಲಿಲ್ಲ. ಸಂಗ್ರಹಗಾರ ಚೀಟಿಯಲ್ಲಿ ಹದಿನೆಂಟು ಅಂತ ಬರೆದು ಗೊಂಬೆಯ ಕಾಲಿಗೆ ಕಟ್ಟಿದ. ಮುಂದಿನ ವಾರ ಬಂದು ಒಯ್ಯುತ್ತಾನೆ ಅಂದುಕೊಂಡು ಮೇಜಿನ ಮೇಲೆ ನಿಲ್ಲಿಸಿದ.

ಮುಂದಿನ ಭಾನುವಾರ ಗಡ್ಡ ಹೆರೆದುಕೊಂಡು ನೀರಿಟ್ಟ. ಗಂಟೆ ಕೇಳಲಿಲ್ಲ. ನೀರು ಕುದಿದು ಕುದಿದು ಪಾತ್ರೆ ಬತ್ತಿತು. ಅದರ ಮುಂದಿನ ಭಾನುವಾರವೂ ಹಾಗೇ. ಮೂರನೆಯ ಭಾನುವಾರ ಚಪ್ಪಲಿ ಮೆಟ್ಟಿ ಅಂಗಡಿಗೇ ಹೋದ. ಬಾಗಿಲು ಹಾಕಿತ್ತು. ಹೊರಗೆ ನಿಂತು ಅಂಗಡಿಗೆ ಫೋನು ಮಾಡಿದ. ಮುಚ್ಚಿದ ಬಾಗಿಲ ಹಿಂದೆ ಅದು ಬಡಿದುಕೊಳ್ಳುವುದನ್ನು ತಾನೇ ಕೇಳಿಸಿಕೊಂಡ.

ಪಕ್ಕದಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸು ತಲೆಯೆತ್ತಿ ಅವನ ಗುರುತು ಹಿಡಿದಳು. “ಅಯ್ಯೋ, ಅವರು ಮಗಳ ಊರಿಗೆ ಹೋದರಲ್ಲಣ್ಣ. ನಿಮಗೆ ಹೇಳಲಿಲ್ಲವಾ? ನಿಮಗೆ ಹೇಳಿ ಬರುತ್ತೇನೆ ಅಂತಲೇ ಅವತ್ತು ಹೊರಟರು. ಎರಡು ದಿನ ಊಟ ಬಿಟ್ಟು ಆ ಗೊಂಬೆ ಮುಂದಿಟ್ಟುಕೊಂಡು ಕೂತಿದ್ದರು. ಇದನ್ನು ನನ್ನ ಸ್ನೇಹಿತನಿಗೆ ಕೊಟ್ಟೇ ಹೋಗಬೇಕು, ಅವನು ಯಾವತ್ತೂ ಇದನ್ನ ಮುಟ್ಟಿ ನೋಡಿಲ್ಲ ಅಂತಿದ್ದರು.”

“ಯಾವೂರು?” ಎಂದು ಕೇಳಿದ ಸಂಗ್ರಹಗಾರ.

ಅವಳಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆ ಎಂದಳು.

ಮನೆಗೆ ಬಂದವನು ನಿಂತೇ ಇದ್ದ. ಮೇಜಿನ ಮೇಲೆ ಕಾವಲುಗಾರ, ಕಾಲಿಗೆ ಚೀಟಿ, ಚೀಟಿಯಲ್ಲಿ ತನ್ನದೇ ಅಕ್ಷರ. ಬೆನ್ನಿನ ಸಣ್ಣ ಗುಂಡಿ ಒತ್ತಿದ. ಹಗಲಲ್ಲಿ ಏನೂ ಕಾಣಲಿಲ್ಲ. ಬೊಗಸೆಯಲ್ಲಿ ಮುಚ್ಚಿಕೊಂಡು ಕಣ್ಣು ಹತ್ತಿರ ತಂದ. ಲಾಂದ್ರ ಹೊತ್ತಿತ್ತು. ಐವತ್ತು ದಾಟಿದ ಗಂಡಸು, ಟೆಂಟಿನಲ್ಲಿ ಅತ್ತ ಹಾಗೇ ಅತ್ತ. ಅಂದೂ ಪಕ್ಕದಲ್ಲಿ ಯಾರೂ ಇರಲಿಲ್ಲ, ಇಂದೂ ಇರಲಿಲ್ಲ.

ಅತ್ತು ಮುಗಿದ ಮೇಲೆ ಪೆನ್ನು ತೆಗೆದುಕೊಂಡ. ಹದಿನೆಂಟನ್ನು ಹೊಡೆದುಹಾಕಿ ನೂರು ಅಂತ ಬರೆಯಬೇಕು ಅನ್ನಿಸಿತು. ಬರೆಯಲು ಹೋಗಿ ಕೈ ನಿಂತಿತು. ಗೊಂಬೆ ಈಗ ಅವನದೇ ಅಲ್ಲವೇ? ತನ್ನದಕ್ಕೆ ತಾನು ಅಂಕ ಹಾಕುವಂತಿಲ್ಲ. ಹಾಕಬೇಕಾದವನು ಹೊರಟುಹೋಗಿದ್ದಾನೆ. ಇದ್ದ ಒಬ್ಬನೂ ಹೋದ.

ಅವನು ಸುಮ್ಮನೆ ಬಿಡಲಿಲ್ಲ ಮಾರಾಯ. ಬೇರೆ ಊರಿನ ಒಬ್ಬ ಸಂಗ್ರಹಗಾರನಿಗೆ ಹೇಳಿ ಕಳಿಸಿದ. ಆತ ಬಂದ, ಎರಡನೆಯ ಕುರ್ಚಿಯಲ್ಲಿ ಕೂತ, ಗೊಂಬೆಯನ್ನು ಮಗುಚಿ ನೋಡಿದ. ಹದಿನಾರು ಅಂದ. ಹದಿನೆಂಟಿತ್ತಲ್ಲ ಅಂದರೆ, ಬೆನ್ನಿನ ಬಣ್ಣವೂ ಸವೆದಿದೆ, ಯಾರೋ ದಿನಾ ಕೈಯಲ್ಲಿ ಹಿಡಿದಿದ್ದಾರೆ, ಎರಡು ಕಳೆ ಅಂದ. ಇದನ್ನು ಹೀಗೆ ಕೆಡಿಸಿದವರು ಯಾರು ಅಂತಲೂ ಕೇಳಿದ. “ನನ್ನ ಸ್ನೇಹಿತ,” ಎಂದ ನಮ್ಮವನು. ಆ ಮಾತನ್ನು ಅವನು ಆಡಿದ್ದು ಅದೇ ಮೊದಲು. ಆತನಿಗೆ ಅದೇನೂ ತಾಗಲಿಲ್ಲ. ಅಂಕ ಹೇಳಿ ಎದ್ದು ಹೋದ.

ನೋಡು, ಎರಡು ಅಂಕವೂ ಸರಿಯೇ. ಎಲ್ಲಿಯೂ ಕೂಡಿಸುವುದು ಕಳೆಯುವುದು ತಪ್ಪಿರಲಿಲ್ಲ. ಸರಿಯಾದ ಅಂಕವನ್ನು ಕಟ್ಟಿಕೊಂಡು ಅವನು ಒಬ್ಬನೇ ಉಳಿದ. ಈಗಲೂ ಭಾನುವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಾನಂತೆ, ಎರಡು ಲೋಟ ನೀರಿಡುತ್ತಾನಂತೆ. ಕಾವಲುಗಾರನನ್ನು ಬೀದಿಯ ಕಡೆ ಮುಖ ಮಾಡಿಸಿ ಕಿಟಕಿಯಲ್ಲಿ ನಿಲ್ಲಿಸಿ ಲಾಂದ್ರ ಹೊತ್ತಿಸುತ್ತಾನಂತೆ. ಬಿಸಿಲಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ.

ಗುರುಗಳು ಕತೆ ನಿಲ್ಲಿಸಿ ಇನ್ನೊಂದು ಅವರೆಕಾಯಿ ತೆಗೆದುಕೊಂಡರು.

ನಂಜೇಶನಿಗೆ ತಡೆಯಲಾಗಲಿಲ್ಲ. “ಛೆ, ಎಂಥ ಮನುಷ್ಯ ಬುದ್ಧಿ ಅವನು! ಗೊಂಬೆ ನೋಡುವ ಬದಲು ತಂದವನ ಮುಖವನ್ನು ಒಂದು ಸಲ ನೋಡಬಾರದಿತ್ತೇ? ಶುದ್ಧ ಕಲ್ಲು. ಅಂಥವನಿಗೆ ಹಾಗೇ ಆಗಬೇಕು,” ಎಂದ. ಹೇಳುತ್ತಲೇ ಗುರುಗಳು ಸುಲಿದ ಕಾಳಿನಿಂದ ಹುಳು ಕಚ್ಚಿದ್ದೊಂದನ್ನು ಆರಿಸಿ ಪಕ್ಕಕ್ಕಿಟ್ಟ.

ಗುರುಗಳು ಆ ಕಾಳನ್ನೊಮ್ಮೆ ನೋಡಿದರು. ಆಮೇಲೆ ಅವನ ಮುಖವನ್ನು ನೋಡಿ ಮೆಲ್ಲಗೆ ಕೇಳಿದರು:

“ಅವನಿಗೆ ನೂರಕ್ಕೆ ಎಷ್ಟು ಹಾಕಿದೆ, ನಂಜೇಶ?”

ನಂಜೇಶನ ಕೈ ಮೊರದ ಮೇಲೆಯೇ ನಿಂತಿತು.